ಬಳಸದ ಗ್ಯಾಸ್ ಸಿಲಿಂಡರ್ ಗುಜರಿಗೆ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಬಳಸದೆ ಬಿದ್ದಿರುವ ಗ್ಯಾಸ್ ಸಿಲಿಂಡರ್ ಇದ್ದರೆ ದಯವಿಟ್ಟು ಗುಜರಿಯವರಿಗೆ ಕೊಡಬೇಡಿ. ತಳ್ಳುಗಾಡಿ ಹೋಟೆಲಿನವರಿಗೂ ಕೊಡಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ. ನಮ್ಮ ಮನೆಯಲ್ಲಿ ಎರಡೂ ಆಯ್ತು.

ತುಮಕೂರಿನಲ್ಲಿ ಅಮ್ಮ ಒಬ್ಬರೇ ಇದ್ದರು. ಮಂಡಿನೋವು ಜಾಸ್ತಿಯಾದ ಮೇಲೆ ಬೆಂಗಳೂರಿಗೆ ನಮ್ಮ ಜೊತೆ ಬಂದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೈಪ್ ಗ್ಯಾಸ್ ಇದೆ. ಹಾಗಾಗಿ ಊರಿನ ಮನೆಯ ಎರಡು ಸಿಲಿಂಡರ್ ಅಲ್ಲೇ ಉಳಿದವು. ಒಂದು ತುಂಬಿದ್ದು, ಸೀಲ್ ಕೂಡ ಒಡೆದಿರಲಿಲ್ಲ. ಇನ್ನೊಂದು ಒಲೆಗೆ ಹಾಕಿ ಬಳಸುತ್ತಿದ್ದದ್ದು. ಮನೆ ಬಾಡಿಗೆಗೆ ಕೊಡಬೇಕಿತ್ತು. ಖಾಲಿ ಮಾಡಿಸುವ ಕೆಲಸ ಚಿಕ್ಕಪ್ಪ ವಹಿಸಿಕೊಂಡರು. ಚಿಕ್ಕಪ್ಪ ಒಳ್ಳೆಯವರೇ, ಆದರೆ ಯಾವ ವಸ್ತು ಕಂಡರೂ ಅದಕ್ಕೆಷ್ಟು ಸಿಗುತ್ತೆ ಅಂತಲೇ ಲೆಕ್ಕ ಹಾಕುವವರು. ತುಂಬಿದ ಸಿಲಿಂಡರನ್ನು ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ಗಾಡಿ ಇಟ್ಟಿರುವವನಿಗೆ ಮಾರಿದರು. ಒಲೆಯಲ್ಲಿದ್ದದ್ದನ್ನು ಹಳೇ ಪೇಪರ್, ಪಾತ್ರೆ, ಮುರಿದ ಕಬ್ಬಿಣದ ಮಂಚದ ಜೊತೆ ಗುಜರಿ ಆಟೋಗೆ ಹಾಕಿಸಿದರು.

ಗುಜರಿಯವನು ಅದನ್ನು ತೂಕಕ್ಕೂ ಹಾಕಿದ. ತಕ್ಕಡಿ 18 ಕಿಲೋಗೂ ಮೇಲೆ ತೋರಿಸಿತು. ಸಿಲಿಂಡರಿನ ಕುತ್ತಿಗೆ ಹತ್ತಿರ ಖಾಲಿ ತೂಕ ಎಷ್ಟು ಅಂತ ಬರೆದೇ ಇರುತ್ತದೆ. ಅದರಲ್ಲಿ 15ರ ಚಿಲ್ಲರೆ ಇತ್ತು. ಅಂದರೆ ಹತ್ತಿರ ಹತ್ತಿರ 3 ಕಿಲೋ ಗ್ಯಾಸ್ ಒಳಗಿದೆ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಯಾರೂ ನೋಡಲಿಲ್ಲ. ಎತ್ತಿ ಅಲ್ಲಾಡಿಸಿ ಖಾಲಿ ಅಂದುಬಿಟ್ಟರು. ಬರೀ ಕಬ್ಬಿಣವೇ ಅಷ್ಟು ಭಾರ ಇರುವಾಗ ಕೈಗೆ ಏನು ತಿಳಿಯುತ್ತೆ ಹೇಳಿ?

ಆಟೋ ಊರಿನ ಮನೆಯ ರಸ್ತೆ ತಿರುವಿನಲ್ಲಿ ನಿಂತಿತ್ತು. ಜೊತೆಗಿದ್ದ ಹುಡುಗ "ಗಾಳಿ ಬಿಟ್ಟುಬಿಡೋಣ" ಅಂತ ಸ್ಕ್ರೂಡ್ರೈವರ್‌ನಿಂದ ವಾಲ್ವ್ ಒಳಗಿನ ಪಿನ್ ಒತ್ತಿದ. ಪಿನ್ ಒಳಗೇ ಸಿಕ್ಕಿಹಾಕಿಕೊಂಡಿತು. ರೆಗ್ಯುಲೇಟರ್ ಹಾಕಿದಾಗ ಒತ್ತಿಕೊಳ್ಳುವುದೂ, ತೆಗೆದಾಗ ತಾನೇ ಮೇಲೆ ಬಂದು ಮುಚ್ಚಿಕೊಳ್ಳುವುದೂ ಇದೇ ಪಿನ್. ಅದು ಮೇಲೆ ಬರದಿದ್ದರೆ, ವಾಲ್ವ್ ಮೇಲೆ ಮುಚ್ಚಳ ಬಿಗಿಯಾಗಿ ಹಾಕುವ ತನಕ ಗ್ಯಾಸ್ ಸೋರುತ್ತಲೇ ಇರುತ್ತದೆ. ಬೆದರಿದ ಹುಡುಗ ಸಿಲಿಂಡರ್ ಕೈಬಿಟ್ಟ. ಅದು ಅಡ್ಡಬಿತ್ತು. ನೆಟ್ಟಗಿದ್ದರೆ ಬರೀ ಆವಿ ಬರುತ್ತದೆ, ಅಡ್ಡಬಿದ್ದರೆ ದ್ರವವೇ ಚಿಮ್ಮುತ್ತದೆ. ಆ ದ್ರವ ಆವಿಯಾದರೆ ಸುಮಾರು 250 ಪಟ್ಟು ಜಾಗ ತುಂಬಿಕೊಳ್ಳುತ್ತದೆ. ರಸ್ತೆ ಮೇಲೆ ಬಿಳೀ ಮಂಜು ಹರಡಿತು ಅಂತ ನೋಡಿದವರು ಹೇಳಿದರು. ಹುಡುಗನ ಬೆರಳುಗಳ ಮೇಲೆ ಬೊಬ್ಬೆ ಎದ್ದವು. ಬೆಂಕಿಯಿಂದಲ್ಲ, ಚಳಿಯಿಂದ. ದ್ರವ ಗ್ಯಾಸ್ ಚರ್ಮಕ್ಕೆ ತಾಗಿದರೆ ಹಾಗೇ ಆಗುತ್ತದೆ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ, ಚರಂಡಿಗೆ ಇಳಿಯುತ್ತದೆ. ಆ ತಿರುವಿನ ಆ ಕಡೆ ಟೀ ಅಂಗಡಿ. ಒಲೆ ಉರಿಯುತ್ತಲೇ ಇತ್ತು. ಎದುರು ಮನೆಯ ನಿವೃತ್ತ ಲೈನ್‌ಮನ್ ಒಬ್ಬರು ವಾಸನೆ ಹಿಡಿದು ಹೊರಗೆ ಓಡಿಬಂದರು. ಒಲೆ ಆಫ್ ಮಾಡಿಸಿದರು, ಆಟೋ ಸ್ಟಾರ್ಟ್ ಮಾಡಲು ಹೊರಟವನ ಕೈಯಿಂದ ಕೀ ಕಿತ್ತುಕೊಂಡರು, ಜನರನ್ನು ಗಾಳಿ ಬರುವ ಕಡೆಗೆ ಓಡಿಸಿದರು. ದೂರ ಹೋಗಿ ನಿಂತು 112ಕ್ಕೆ ಫೋನ್ ಮಾಡಿದರು. ಗ್ಯಾಸ್ ಸೋರಿಕೆಗೆಂದೇ 1906 ಅಂತ ಇನ್ನೊಂದು ನಂಬರ್ ಇದೆ, ಅದನ್ನೂ ಬರೆದಿಟ್ಟುಕೊಳ್ಳಿ. ಅಗ್ನಿಶಾಮಕದವರು ಬಂದು ನೀರು ಹಾಯಿಸಿ ನಿಭಾಯಿಸಿದರು. ಆ ಲೈನ್‌ಮನ್ ಇಲ್ಲದಿದ್ದರೆ ನಾನು ಇಲ್ಲಿ ಬೇರೆ ಥರದ ಸುದ್ದಿ ಬರೆಯಬೇಕಾಗಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದರೆ, "ಏ, ಖಾಲಿ ಸಿಲಿಂಡರ್ ಕಣಮ್ಮ ಅದು, ಮೂಲೇಲಿ ತುಕ್ಕು ಹಿಡೀತಿತ್ತು" ಅಂದರು.

ಆಮೇಲೆ ಶುರುವಾಗಿದ್ದು ಕಾಗದದ ಗೋಳು. ಸಿಲಿಂಡರ್ ಯಾವ ಮನೆಯದ್ದು ಅಂತ ವಿಚಾರಿಸಿಕೊಂಡು ಪೊಲೀಸರು ಏಜೆನ್ಸಿಗೆ ಹೋದರು. ಕನೆಕ್ಷನ್ ಅಮ್ಮನ ಹೆಸರಿನಲ್ಲಿತ್ತು. ಹಾಗಾಗಿ ಅಮ್ಮನನ್ನೇ ಠಾಣೆಗೆ ಕರೆಸಿದರು. ಮೆಟ್ಟಿಲು ಹತ್ತಲಾಗದ ಹೆಂಗಸನ್ನು ಬೆಂಗಳೂರಿನಿಂದ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಪೊಲೀಸರ ಮೇಲಲ್ಲ, ಅವರು ಮರ್ಯಾದೆಯಿಂದಲೇ ಮಾತಾಡಿದರು. ವಿಚಾರಣೆಯಲ್ಲಿ ಇಡ್ಲಿ ಗಾಡಿಯ ಕಥೆಯೂ ಹೊರಬಂತು. ಗಾಡಿಯವನು ಅಷ್ಟರಲ್ಲಿ ಆ ಸಿಲಿಂಡರನ್ನು ಬೇರೆ ಯಾರಿಗೋ ಸಾಗಿಸಿದ್ದ.

ಅಲ್ಲಿ ಗೊತ್ತಾದದ್ದು ಇಷ್ಟು. ಸಿಲಿಂಡರ್ ನಮ್ಮದಲ್ಲ. ಅದು ಯಾವತ್ತೂ ಎಣ್ಣೆ ಕಂಪನಿಯದ್ದು, ನಾವು ಕಟ್ಟಿರುವುದು ಬರೀ ಠೇವಣಿ. 14.2 ಕಿಲೋ ಸಿಲಿಂಡರ್ ಮನೆ ಅಡುಗೆಗೆ ಮಾತ್ರ, ಹೋಟೆಲಿಗೆ 19 ಕಿಲೋದಂಥ ವಾಣಿಜ್ಯ ಸಿಲಿಂಡರೇ ಬೇಕು. ಇದಕ್ಕೆಲ್ಲ 2000ದ ಎಲ್‌ಪಿಜಿ ಆದೇಶ ಇದೆ, ಅದರ ಬೆನ್ನಿಗೆ 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ. ಮಾರಿದವರೂ ಸಿಕ್ಕಿಬೀಳುತ್ತಾರೆ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಏಜೆನ್ಸಿಯ ಹುಡುಗಿ ಅಮ್ಮನಿಗೆ, "ಅಮ್ಮಾ, ಮೊದಲೇ ಇಲ್ಲಿಗೆ ತಂದುಕೊಟ್ಟಿದ್ರೆ ಒಂದೇ ಸಲಕ್ಕೆ ಮುಗೀತಿತ್ತು" ಅಂದಳು. ನಿಜ. ಕನೆಕ್ಷನ್ ಕೊಡುವಾಗ ಎಸ್‌ವಿ (ಸಬ್‌ಸ್ಕ್ರಿಪ್ಷನ್ ವೌಚರ್) ಅಂತ ಒಂದು ಚೀಟಿ ಕೊಟ್ಟಿರುತ್ತಾರೆ. ಅದು, ಗ್ಯಾಸ್ ಪುಸ್ತಕ, ಆಧಾರ್, ಸಿಲಿಂಡರ್‌ಗಳು, ರೆಗ್ಯುಲೇಟರ್, ಇಷ್ಟು ಕೊಟ್ಟರೆ ಟಿವಿ (ಟರ್ಮಿನೇಷನ್ ವೌಚರ್) ಅನ್ನುವ ಮುಕ್ತಾಯದ ಚೀಟಿ ಕೊಟ್ಟು ಠೇವಣಿ ವಾಪಸ್ ಮಾಡುತ್ತಾರೆ. ಎಸ್‌ವಿ ಕಳೆದುಹೋಗಿದ್ದರೆ ಹೆದರಬೇಡಿ, ಕಳೆದಿದೆ ಅಂತ ಬರೆದುಕೊಡುವ ಫಾರಂ ಇದೆ. ಕನೆಕ್ಷನ್ ಇದ್ದವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಎರಡು ಸಿಲಿಂಡರ್‌ಗಳಲ್ಲಿ ಒಂದನ್ನು ಮಾತ್ರ ವಾಪಸ್ ಕೊಡುವುದಾದರೂ ಏಜೆನ್ಸಿಯಲ್ಲಿ ಕೇಳಿ ನೋಡಿ.

ದುಡ್ಡಿನ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 2022ರ ಜೂನ್‌ನಲ್ಲಿ ಹೊಸ ಕನೆಕ್ಷನ್ ಠೇವಣಿ ಸಿಲಿಂಡರ್ ಒಂದಕ್ಕೆ 1450ರಿಂದ 2200 ರೂಪಾಯಿಗೆ ಏರಿತು. ಆದರೆ ವಾಪಸ್ ಬರುವುದು ನಿಮ್ಮ ಎಸ್‌ವಿಯಲ್ಲಿ ಬರೆದಿರುವಷ್ಟೇ. ಅಮ್ಮನದು ಹಳೇ ಕನೆಕ್ಷನ್, ಸಿಲಿಂಡರ್ ಒಂದಕ್ಕೆ ಸಾವಿರದ ಒಳಗಿತ್ತು. ಉಜ್ವಲ ಕನೆಕ್ಷನ್ ಆದರೆ ಠೇವಣಿ ಕಟ್ಟಿದ್ದು ಸರ್ಕಾರ, ನಿಮಗೇನೂ ಬರುವುದಿಲ್ಲ. ನಮಗಂತೂ ಸಿಕ್ಕಿದ್ದಕ್ಕಿಂತ ಕಳೆದಿದ್ದೇ ಹೆಚ್ಚು. ಇಡ್ಲಿ ಗಾಡಿಗೆ ಹೋದ ಸಿಲಿಂಡರಿನ ದಂಡ ಕಟ್ಟಿದ ಮೇಲಷ್ಟೇ ಕನೆಕ್ಷನ್ ಮುಚ್ಚಿದರು. ಅದು ಚಿಕ್ಕಪ್ಪನಿಗೆ ಎರಡಕ್ಕೂ ಸೇರಿ ಬಂದಿದ್ದಕ್ಕಿಂತ ಜಾಸ್ತಿ.

ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟಿದ್ದರೆ ಇನ್ನೊಂದು ನೋಡಿ. ಹಿಡಿಕೆಯ ಒಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಷ್ಟರೊಳಗೆ ಅದರ ಪರೀಕ್ಷೆ ಆಗಬೇಕಿತ್ತು ಅಂತ ಅರ್ಥ. ದಿನ ದಾಟಿದ್ದರೆ ಮತ್ತೆ ಒಲೆಗೆ ಹಾಕಲು ಹೋಗಬೇಡಿ, ಪಿನ್ ಮೇಲಿನ ಮುಚ್ಚಳ ಬಿಗಿಯಾಗಿ ಹಾಕಿ, ಏಜೆನ್ಸಿಗೆ ಫೋನ್ ಮಾಡಿ ಹೇಳಿ. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಕಾರಿನ ಡಿಕ್ಕಿಯಲ್ಲಿ ಮಲಗಿಸಬೇಡಿ. ಟಿವಿ ಚೀಟಿ ಕೈಗೆ ಬರುವ ತನಕ ಅಲ್ಲಿಂದ ಎದ್ದು ಬರಬೇಡಿ, ಯಾಕಂದರೆ ಅದು ಸಿಗುವವರೆಗೆ ಆ ಸಿಲಿಂಡರ್ ಎಲ್ಲೇ ಇದ್ದರೂ ನಿಮ್ಮ ಹೆಸರಿನಲ್ಲೇ ಇರುತ್ತದೆ.