ಧಕ್ಕೆ ಮಾಡಿಸೋಕೆ ಹೋಗಿ ನಂಗೇ ಧಕ್ಕೆ ಆಯ್ತು: ಗೇಮ್‌ಗೆ 3ಡಿ ಮಾಡೆಲ್ ಮಾಡಿಸೋರು ದಯವಿಟ್ಟು ಓದಿ

ಬರೀಬೇಕಾ ಬೇಡ್ವಾ ಅಂತ ನಾಲ್ಕು ದಿನ ಯೋಚಿಸಿದೆ. ನಾಚಿಕೆ ಆಗುತ್ತೆ, ಯಾಕಂದ್ರೆ ತಪ್ಪಲ್ಲಿ ಅರ್ಧ ನಂದೇ. ಆದ್ರೆ ನಂಗೆ ಮಾಡೆಲ್ ಮಾಡಿಕೊಟ್ಟ ಆರ್ಟಿಸ್ಟ್ ಇವತ್ತೂ ಆರ್ಡರ್ ತಗೋತಿದಾನೆ, ಅದಕ್ಕೇ ಬರೀತಿದೀನಿ.

ನಾನೂ ನನ್ನ ಗೆಳೆಯನೂ ಸೇರಿ ಒಂದು ಸಣ್ಣ ಗೇಮ್ ಮಾಡ್ತಿದೀವಿ, ಇಬ್ರೇ. ಸಮುದ್ರ ದಂಡೆ ಮೇಲೆ ಒಂದು ಕಾಲ್ಪನಿಕ ಊರು, ತೆಂಗಿನ ಮರ, ಸೆಕೆ, ಮಳೆ, ಅದಕ್ಕೊಂದು ಹಳೇ ಮರದ ಧಕ್ಕೆ (ದೋಣಿ ನಿಲ್ಲೋ ಜಾಗ). ಇಡೀ ಕಥೆ ಆ ಧಕ್ಕೆ ಸುತ್ತಾನೇ ಇರೋದು. ಉಬ್ಬರ ಇದ್ದಾಗ ದೋಣಿ ಬಂದು ನಿಲ್ಲುತ್ತೆ, ಇಳಿತ ಆದಾಗ ನೀರು ಹಿಂದೆ ಸರಿದು ಕಂಬಗಳ ಮಧ್ಯೆ ದಾರಿ ಬಿಡುತ್ತೆ, ಆಟ ಆಡೋರು ಅಲ್ಲಿ ಇಳಿದು ಕೆಸರಲ್ಲಿ ನಡ್ಕೊಂಡು ಹೋಗಬೇಕು. ನಿಜವಾದ ಸಮುದ್ರದಲ್ಲಿ ನೀರು ಪೂರ್ತಿ ಇಳಿಯೋಕೆ ಸುಮಾರು 6 ಗಂಟೆ ಬೇಕು, ನಾವು ಅದನ್ನ 10 ನಿಮಿಷಕ್ಕೆ ತಂದಿದ್ವಿ ಅಷ್ಟೇ.

ಆ ಧಕ್ಕೆಯ ಮಾಡೆಲ್ ಮಾಡೋಕೆ ಒಪ್ಪಿದ ಆರ್ಟಿಸ್ಟ್‌ಗೆ ಇದೆಲ್ಲಾನೂ ಬ್ರೀಫಲ್ಲಿ (ಏನೇನು ಬೇಕು ಅನ್ನೋ ವಿವರ) ಬರೆದು ಕೊಟ್ಟಿದ್ದೆ. ಎಲ್ಲಾನೂ. ನೀರು ಏರಿ ಇಳಿಯೋ ಮಟ್ಟದಲ್ಲಿ ಕಂಬಕ್ಕೆ ಬಾರ್ನಕಲ್ (ಗಟ್ಟಿ ಚಿಪ್ಪಿರೋ ಸಣ್ಣ ಸಮುದ್ರ ಜೀವಿ) ಅಂಟಿರಬೇಕು, ಕೆಳಗೆ ಪಾಚಿ ಇರಬೇಕು, ಶಿಪ್‌ವರ್ಮ್ ಕೊರೆದ ತೂತು ಕಾಣಬೇಕು (ಹೆಸರಿಗೆ ಹುಳ, ಅಸಲಿಗೆ ಅದು ಚಿಪ್ಪಿನ ಜಾತಿ, ಸಮುದ್ರದಲ್ಲಿ ಮರದ ಕಂಬ ಸಿಕ್ರೆ ಒಳಗೊಳಗೇ ಕೊರೆದು ಟೊಳ್ಳು ಮಾಡಿಬಿಡುತ್ತೆ), ಟ್ರಯಾಂಗಲ್ (ಮಾಡೆಲ್ ಕಟ್ಟೋ ಸಣ್ಣ ಸಣ್ಣ ತ್ರಿಕೋನ, ಜಾಸ್ತಿ ಆದಷ್ಟೂ ಗೇಮ್‌ಗೆ ಭಾರ) 40,000 ದಾಟಬಾರದು. "ಸರ್, ಇಷ್ಟು ನೀಟಾಗಿ ಬ್ರೀಫ್ ಕೊಡೋ ಕ್ಲೈಂಟ್ ಸಿಗೋದೇ ಅಪರೂಪ" ಅಂದ. ನಾನು ಉಬ್ಬಿಹೋದೆ. ಅರ್ಧ ಅಡ್ವಾನ್ಸ್ ಅವತ್ತೇ ಕಳಿಸಿದೆ.

ಮೂರು ವಾರ ಆದ್ಮೇಲೆ ಪ್ರಿವ್ಯೂ ವಿಡಿಯೋ ಬಂತು. ಸುಳ್ಳು ಯಾಕೆ ಹೇಳಲಿ, ನೋಡೋಕೆ ಸಖತ್ತಾಗಿತ್ತು. ಸಂಜೆ ಬೆಳಕು, ಹಲಗೆ ಮೇಲೆ ಹಗ್ಗದ ಸುರುಳಿ, ಆಚೆ ತೆಂಗಿನ ಮರ. ನನ್ನ ಗೆಳೆಯ ಒಂದೇ ಒಂದು ಮಾತು ಕೇಳಿದ, "ಎಲ್ಲಾ ಮೇಲಿಂದಾನೇ ಇದೆ, ಕೆಳಗಿಂದ ಒಂದು ಶಾಟ್ ಇಲ್ವಾ?" ಅಂತ. ನಾನು ಅವನಿಗೇ ಬೈದೆ, ಆರ್ಟಿಸ್ಟ್ ಮೇಲೆ ಸ್ವಲ್ಪ ನಂಬಿಕೆ ಇಡೋ ಅಂತ. ಬಾಕಿ ಹಣ ಹಾಕಿದೆ, 5 ಸ್ಟಾರ್ ಕೊಟ್ಟೆ, "ಕಣ್ಣು ಮುಚ್ಚಿ ಇವರ ಹತ್ರ ಕೆಲಸ ಕೊಡಬಹುದು" ಅಂತ ರಿವ್ಯೂ ಬೇರೆ ಬರೆದೆ. ಕಣ್ಣು ಮುಚ್ಚಿ! ಅದನ್ನೇ ತಾನೇ ನಾನು ಮಾಡಿದ್ದು.

ಫೈಲ್ ಬಂದ ರಾತ್ರಿ ಗೇಮಲ್ಲಿ ಹಾಕಿ ನೀರಿನ ಮಟ್ಟ ಇಳಿಸಿದೆ. ಧಕ್ಕೆ ಗಾಳಿಯಲ್ಲಿ ತೇಲ್ತಾ ಇತ್ತು. ಕಂಬಗಳು ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗೆ ಹೋಗಿ ಕಟ್, ಕೆಳಗಿಂದ ನೋಡಿದ್ರೆ ಒಳಗೆಲ್ಲ ಖಾಲಿ, ಪೈಪ್ ತರ. ಬಾರ್ನಕಲ್ಲೂ ಇಲ್ಲ ಪಾಚಿನೂ ಇಲ್ಲ ಏನೂ ಇಲ್ಲ. ಟ್ರಯಾಂಗಲ್ ನೋಡಿದೆ, 11 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಆ ಹಗ್ಗದ ಸುರುಳಿಗೆ.

ಮೆಸೇಜ್ ಮಾಡಿದೆ. ಬಂದ ರಿಪ್ಲೈ: "ಸರ್, ನೀರಿನ ಕೆಳಗೆ ಯಾರು ನೋಡ್ತಾರೆ?"

ಬ್ರೀಫಲ್ಲಿ ಇಳಿತ ಅಂತ ಆರು ಸಲ ಬರೆದಿದೀನಲ್ಲಪ್ಪಾ ಅಂದೆ. "ನೀರು ಇಳಿಸಬೇಡಿ ಸರ್, ಸಿಂಪಲ್" ಅಂದ.

ಸಿಂಪಲ್ಲಂತೆ!

ಆಮೇಲೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಫೈಲ್ ತೆಗೆದು ಒಂದೊಂದೇ ಆಬ್ಜೆಕ್ಟ್ ನೋಡ್ತಾ ಕೂತೆ. ಲಿಸ್ಟಲ್ಲಿ ಎಂಟತ್ತು ಐಟಂ ಹೈಡ್ ಮಾಡಿತ್ತು, ಪಕ್ಕದ ಕಣ್ಣಿನ ಗುರುತು ಮುಚ್ಚಿಕೊಂಡಿತ್ತು. ಒಂದಕ್ಕೆ ಹೆಸರು "ಸ್ನೋ ರೂಫ್ 02". ಕ್ಲಿಕ್ ಮಾಡಿದೆ. ನನ್ನ ಸೆಕೆ ನಾಡಿನ ಧಕ್ಕೆ ಪಕ್ಕದ ಗುಡಿಸಲ ಮೇಲೆ ಮೊಣಕಾಲುದ್ದ ಹಿಮ ಬಂತು. ಇನ್ನೊಂದು ಕ್ಲಿಕ್ ಮಾಡಿದ್ರೆ ಸೂರಿಂದ ಐಸ್ ಕಡ್ಡಿ ನೇತಾಡ್ತಿದೆ. ಯಾರೋ ಯಾವುದೋ ಚಳಿ ದೇಶದ ಮೀನುಗಾರರ ಹಳ್ಳಿ ಅಂತ ಮಾಡಿದ ಸೀನ್ ಎತ್ತಿ, ಹಿಮ ಹೈಡ್ ಮಾಡಿ, ನಾಲ್ಕು ತೆಂಗಿನ ಮರ ನೆಟ್ಟು ನಂಗೆ ಕೊಟ್ಟಿದಾನೆ. ರಾತ್ರಿ ಒಂದು ಗಂಟೆಗೆ ಸ್ಕ್ರೀನ್ ನೋಡ್ಕೊಂಡು ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಸ್ಕ್ರೀನ್‌ಶಾಟ್ ಕಳಿಸಿದೆ. "ಓ ಅದಾ, ಅದು ಬೋನಸ್ ಸರ್, ವಿಂಟರ್ ವರ್ಷನ್. ಎಕ್ಸ್‌ಟ್ರಾ ಚಾರ್ಜ್ ಮಾಡಿಲ್ಲ ನೋಡಿ" ಅಂದ. ಮುಖಕ್ಕೆ ಹೊಡೆದ ಹಾಗೆ ಹೇಳ್ತಾನಲ್ಲ, ಥೂ.

ಹುಡುಕಿದ್ರೆ ಮೂಲ ಸೀನ್ ಫ್ರೀ ಆಗೇ ಇಟ್ಟಿದಾರೆ, ಲೈಸೆನ್ಸ್ ಸಿಸಿ ಬೈ-ಎನ್‌ಸಿ. ಅಂದ್ರೆ ಮಾಡಿದವರ ಹೆಸರು ಹಾಕಬೇಕು, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ನಮ್ಮ ಗೇಮ್ ಮಾರೋಕೆ ಅಂತಾನೇ ಮಾಡ್ತಿರೋದು. ಗೊತ್ತಿಲ್ಲದೆ ರಿಲೀಸ್ ಮಾಡಿದ್ರೆ ಕಳ್ಳ ಅನ್ನಿಸಿಕೊಳ್ತಿದ್ದೋನು ನಾನು, ಅವನಲ್ಲ. ಇದನ್ನ ಕೇಳಿದ್ದಕ್ಕೆ "ಇಂಟರ್ನೆಟ್‌ನಲ್ಲಿ ಇರೋದು ಎಲ್ಲರದ್ದೂ ಸರ್" ಅಂದ. ಹಾಗಾದ್ರೆ ನಂಗೆ ಯಾಕಪ್ಪಾ ಮಾರಿದೆ ಅಂತ ಕೇಳಿದೆ, ಅದಕ್ಕೆ ರಿಪ್ಲೈ ಇಲ್ಲ, ಬ್ಲಾಕ್.

ಮಾಡಿಸೋರು ಬಾಕಿ ಹಣ ಕೊಡೋ ಮುಂಚೆ ವೈರ್‌ಫ್ರೇಮ್ (ಬಣ್ಣ ಇಲ್ಲದೆ ಮಾಡೆಲ್‌ನ ಗೆರೆಗಳನ್ನಷ್ಟೇ ತೋರಿಸೋ ಚಿತ್ರ) ಕೇಳಿ, ಕೆಳಗಿಂದ ಹಿಂದಿಂದ ಎಲ್ಲಾ ಕಡೆಯಿಂದ ತೋರಿಸು ಅನ್ನಿ, ಕೆಲಸ ನಡೀವಾಗಲೇ ಅರ್ಧಂಬರ್ಧ ಫೈಲ್ ಕಳಿಸು ಅನ್ನಿ. ಫೈಲ್ ತೆಗೆದ ತಕ್ಷಣ ಹೈಡ್ ಆಗಿರೋದನ್ನೆಲ್ಲ ಆನ್ ಮಾಡಿ ನೋಡಿ. ಚೆಂದದ ವಿಡಿಯೋ ನೋಡಿ ಮರುಳಾಗಬೇಡಿ, ನಾನು ಆಗಿದೀನಿ ಸಾಕು. ಆಮೇಲೆ ಹೊಗಳೋರನ್ನ ಸ್ವಲ್ಪ ದೂರ ಇಡಿ.

ನನ್ನ ಗೆಳೆಯ ಒಂದು ಮಾತೂ ಆಡಿಲ್ಲ, ಅದೇ ಜಾಸ್ತಿ ಚುಚ್ತಿದೆ. ಈಗ ಕಂಬ ಅವನೇ ಮಾಡ್ತಿದಾನೆ, ತೂತು ಸಮೇತ. ರಿವ್ಯೂ ತಿದ್ದೋಣ ಅಂತ ಹೋದ್ರೆ ಟೈಮ್ ಮುಗಿದಿದೆ ಅಂತಿದೆ. ಅವನ ಪ್ರೊಫೈಲ್ ತೆಗೆದ್ರೆ ಈಗಲೂ ಮೊದಲು ಕಾಣೋದು ನನ್ನ ಮಾತೇ, ಪಕ್ಕದಲ್ಲಿ ಆ ಧಕ್ಕೆ ಫೋಟೋ. ಮೇಲಿಂದ ತೆಗೆದಿದ್ದು.