ನಿದ್ರೆಯಲ್ಲೇ ಬ್ಯಾಟರಿ ತಿನ್ನುತ್ತಿದ್ದ ಬೋರ್ಡ್: ಪವರ್ ಪ್ರೊಫೈಲರ್ ಕಿಟ್ 2 ಬಳಸಿದ ಅನುಭವ
ವಿಜಯಪುರ ಜಿಲ್ಲೆಯ ತಿಕೋಟಾ ಸಮೀಪದ ನಮ್ಮ ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದನ್ನು ನೋಡಿಯೇ ಡೌನಿ ಎಂಬ ಬೂಷ್ಟು ರೋಗಕ್ಕೆ ಔಷಧ ಹೊಡೆಯುವುದನ್ನು ನಿರ್ಧರಿಸಬೇಕಾಗುತ್ತದೆ. ಅದಕ್ಕಾಗಿ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಇಎಸ್‌ಪಿ32 ಬೋರ್ಡ್, ಒಂದು ಸೆನ್ಸರ್ ಮತ್ತು 2500 ಮಿಲಿಆಂಪ್-ಗಂಟೆಯ ಲಿಥಿಯಂ ಬ್ಯಾಟರಿ ಸೇರಿಸಿ ಒಂದು ಉಪಕರಣ ಮಾಡಿದ್ದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ವೈಫೈ ಮೂಲಕ ಮಾಹಿತಿ ಕಳುಹಿಸಿ ಮತ್ತೆ ಮಲಗುವ ಅದು ತಿಂಗಳುಗಟ್ಟಲೆ ನಡೆಯಬೇಕಿತ್ತು. ಹನ್ನೊಂದನೆಯ ದಿನವೇ ನಿಂತುಹೋಯಿತು. ಕಾರಣ ಹುಡುಕಲೆಂದು ತರಿಸಿಕೊಂಡದ್ದು ನಾರ್ಡಿಕ್ ಸೆಮಿಕಂಡಕ್ಟರ್‌ನ ಪವರ್ ಪ್ರೊಫೈಲರ್ ಕಿಟ್ 2 ಎಂಬ, ಕರೆಂಟ್ ಬಳಕೆ ಅಳೆಯುವ ಸಾಧನ.

ಈ ಕೆಲಸಕ್ಕೆ ಸಾಮಾನ್ಯ ಮಲ್ಟಿಮೀಟರ್ ಒದಗುವುದಿಲ್ಲ. ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೊಆಂಪ್ (ಮೈಕ್ರೊಆಂಪ್ ಎಂದರೆ ಮಿಲಿಆಂಪ್‌ನ ಸಾವಿರದಲ್ಲೊಂದು ಪಾಲು) ಎಳೆಯುವ ಚಿಪ್, ವೈಫೈ ಸಂಕೇತ ಕಳುಹಿಸುವ ಕ್ಷಣದಲ್ಲಿ 200 ಮಿಲಿಆಂಪ್ ದಾಟುತ್ತದೆ. ಮೀಟರನ್ನು ಮೈಕ್ರೊಆಂಪ್‌ಗೆ ಇಟ್ಟರೆ ಅದರೊಳಗಿನ ರೋಧಕದಲ್ಲೇ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಮಿಲಿಆಂಪ್‌ಗೆ ಇಟ್ಟರೆ ಕ್ಷಣಿಕ ಏರಿಳಿತ ಕಾಣುವುದಿಲ್ಲ. ಈ ಕಿಟ್ 200 ನ್ಯಾನೊಆಂಪ್‌ನಿಂದ 1 ಆಂಪ್‌ವರೆಗೆ ತಾನಾಗಿಯೇ ಶ್ರೇಣಿ ಬದಲಿಸಿಕೊಂಡು, ಸೆಕೆಂಡಿಗೆ ಒಂದು ಲಕ್ಷ ಬಾರಿ ಅಳೆದು, ಕಂಪ್ಯೂಟರಿನಲ್ಲಿ ಗ್ರಾಫ್ ಬಿಡಿಸುತ್ತದೆ. ಗ್ರಾಫಿನ ಬೇಕಾದ ಭಾಗವನ್ನು ಆರಿಸಿದರೆ ಸರಾಸರಿ ಕರೆಂಟ್ ಸಿಗುತ್ತದೆ. ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಅದರ ಎಂಟು ಡಿಜಿಟಲ್ ಇನ್‌ಪುಟ್‌ಗಳು: ಬೋರ್ಡಿನ ಪಿನ್ನುಗಳನ್ನು ಅವಕ್ಕೆ ಜೋಡಿಸಿದರೆ ಪ್ರೋಗ್ರಾಮಿನ ಯಾವ ಹಂತದಲ್ಲಿ ಎಷ್ಟು ಖರ್ಚಾಯಿತೆಂಬುದು ಗ್ರಾಫಿನ ಕೆಳಗೇ ಕಾಣುತ್ತದೆ.

ನನ್ನ ಅನುಮಾನವೆಲ್ಲ ವೈಫೈ ಮೇಲಿತ್ತು, ಅದು ತಪ್ಪಾಗಿತ್ತು. ಪ್ರತಿ ಬಾರಿ ನಾಲ್ಕು ಸೆಕೆಂಡು, ಸರಾಸರಿ 100 ಮಿಲಿಆಂಪ್‌ನಂತೆ ದಿನಕ್ಕೆ 96 ಬಾರಿ ಎದ್ದರೂ ಆಗುವ ಖರ್ಚು ಸುಮಾರು 11 ಮಿಲಿಆಂಪ್-ಗಂಟೆ ಮಾತ್ರ. ಆದರೆ ಮಲಗಿದಾಗಲೂ ಬೋರ್ಡ್ 9 ಮಿಲಿಆಂಪ್ ಎಳೆಯುತ್ತಿತ್ತು, ಅಂದರೆ ದಿನಕ್ಕೆ 216 ಮಿಲಿಆಂಪ್-ಗಂಟೆ. ಚಿಪ್ ನಿಜವಾಗಿಯೂ ಮಲಗಿತ್ತು. ಎಚ್ಚರವಿದ್ದದ್ದು ಬೋರ್ಡಿನ ಕೆಂಪು ದೀಪ, ಯುಎಸ್‌ಬಿ ಚಿಪ್ ಮತ್ತು ತನಗಾಗಿಯೇ ಸುಮಾರು 5 ಮಿಲಿಆಂಪ್ ಬಳಸುವ ರೆಗ್ಯುಲೇಟರ್ (ಚಿಪ್ಪಿಗೆ ಹೋಗುವ ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗ). ದೀಪ ಕಿತ್ತು, ಯುಎಸ್‌ಬಿ ಚಿಪ್ಪಿನ ವಿದ್ಯುತ್ ಕಡಿದು, ಕಡಿಮೆ ಬಳಕೆಯ ರೆಗ್ಯುಲೇಟರ್ ಹಾಕಿದ ಮೇಲೆ ನಿದ್ರೆಯ ಖರ್ಚು 60 ಮೈಕ್ರೊಆಂಪ್‌ಗೆ ಇಳಿಯಿತು. ಈ ಲೆಕ್ಕದಲ್ಲಿ ಬ್ಯಾಟರಿ ಚಾಟ್ನಿಯಿಂದ ಕಟಾವಿನವರೆಗೂ ಬರುತ್ತದೆ.

ಮಿತಿಗಳೂ ಇವೆ. 5 ವೋಲ್ಟ್‌ಗಿಂತ ಹೆಚ್ಚಿನ ಉಪಕರಣಗಳಿಗೆ ಇದು ಬಾರದು, ಆದ್ದರಿಂದ 12 ವೋಲ್ಟ್‌ನ ವಾಲ್ವ್ ಕಂಟ್ರೋಲರ್ ಅಳೆಯುವವರು ಬೇರೆ ಸಾಧನ ನೋಡಬೇಕು. ಅಳೆಯುವಾಗ ಬೋರ್ಡಿನ ಸ್ವಂತ ಯುಎಸ್‌ಬಿ ಕೇಬಲ್ ತೆಗೆದಿರಲೇಬೇಕು. ಇಲ್ಲದಿದ್ದರೆ ಆ ದಾರಿಯಿಂದಲೂ ವಿದ್ಯುತ್ ಹರಿದು ಲೆಕ್ಕ ಕೆಡುತ್ತದೆ. ಬ್ಯಾಟರಿ ಮೇಲೆ ನಡೆಯುವ ಉಪಕರಣ ಮಾಡುವವರಿಗೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಆದರೆ ಮನೆಯ ಮೇಜಿನ ಮೇಲಷ್ಟೇ ಅಳೆದು ಮುಗಿಸಬೇಡಿ: ಸಂಕೇತ ದುರ್ಬಲವಿರುವ ತೋಟದ ಮೂಲೆಯಲ್ಲಿ ಅದೇ ಬೋರ್ಡ್ ವೈಫೈಗೆ ಸೇರಲು ನಾಲ್ಕರ ಬದಲು ಒಂಬತ್ತು ಸೆಕೆಂಡು ತೆಗೆದುಕೊಂಡದ್ದನ್ನು ನಾನು ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೇ ಹೋದಾಗ ಕಂಡೆ.