ಐರ್ಲೆಂಡಿನ ಸಣ್ಣ ರೈತರಿಗೆ ಯಾವುದು ಒಳ್ಳೆಯದು: ಫಾರ್ಮ್ ಅಸಿಸ್ಟ್ ಅಥವಾ ಜಾಬ್‌ಸೀಕರ್ಸ್ ಅಲೋವನ್ಸ್?

ಐರ್ಲೆಂಡಿನ ಹಳ್ಳಿಗಳಲ್ಲಿ ಜಮೀನಿದ್ದೂ ಸಂಸಾರ ಸಾಗಿಸಲಾಗದವರಿಗೆ ಸರ್ಕಾರದ ಸಹಾಯಧನದ ಈ ಎರಡು ದಾರಿಗಳಿವೆ: ಕಡಿಮೆ ಆದಾಯದ ರೈತರಿಗೆ ಫಾರ್ಮ್ ಅಸಿಸ್ಟ್, ಕೆಲಸವಿಲ್ಲದವರಿಗೆ ಜಾಬ್‌ಸೀಕರ್ಸ್ ಅಲೋವನ್ಸ್. ಎರಡರಲ್ಲೂ ಆದಾಯ, ಉಳಿತಾಯ ನೋಡಿಯೇ ಹಣ ಕೊಡುತ್ತಾರೆ. ಗಂಡ ಅಥವಾ ಹೆಂಡತಿಯ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ.

ಜಾಬ್‌ಸೀಕರ್ಸ್ ಅಲೋವನ್ಸ್ ಬೇಕೆಂದರೆ ಕೆಲಸ ಹುಡುಕುತ್ತಿರಬೇಕು, ಸಿಕ್ಕರೆ ಹೋಗಲು ಸಿದ್ಧರಿರಬೇಕು. ಹಸು ಕರು ಹಾಕುವ ಕಾಲದಲ್ಲಿ ಕೊಟ್ಟಿಗೆ ಬಿಟ್ಟು ಹೋಗುವುದು ಹೇಗೆ ಹೇಳಿ!

1999ರಲ್ಲಿ ಬಂದ ಫಾರ್ಮ್ ಅಸಿಸ್ಟ್‌ನಲ್ಲಿ ಆ ಷರತ್ತೇ ಇಲ್ಲ. ಖರ್ಚು ಕಳೆದು ಉಳಿದ ಕೃಷಿ ಆದಾಯದಲ್ಲಿ ಶೇ. 70ರಷ್ಟನ್ನು ಮಾತ್ರ ಎಣಿಸುತ್ತಾರೆ. ಮಕ್ಕಳಿದ್ದರೆ ಇನ್ನೂ ಒಂದಿಷ್ಟು ವಿನಾಯಿತಿ. ನೀವೇ ಉಳುವ ಜಮೀನಿನ ಬೆಲೆಯನ್ನು ಆಸ್ತಿಯೆಂದು ಸೇರಿಸುವುದಿಲ್ಲ. ಹಳ್ಳಿಯವರಿಗೆ ಇದೇ ಜಾಸ್ತಿ ನ್ಯಾಯ ಅಂತ ನನಗನ್ನಿಸುತ್ತದೆ. ಕೈಯಲ್ಲಿ ಕಾಸಿಲ್ಲದವನನ್ನು ಎಕರೆ ಎಣಿಸಿ ಸಾಹುಕಾರ ಅನ್ನಬಾರದು, ಅಲ್ವಾ?

ಆದರೆ ಜಮೀನನ್ನು ಪೂರ್ತಿ ಗೇಣಿಗೆ ಕೊಟ್ಟಿದ್ದರೆ ಫಾರ್ಮ್ ಅಸಿಸ್ಟ್ ಸಿಗುವುದಿಲ್ಲ. ಅಂಥವರು ಜಾಬ್‌ಸೀಕರ್ಸ್‌ಗೇ ಅರ್ಜಿ ಹಾಕಿ.